ಕಾರ್ಡಿನ ಸಾಲ ಮತ್ತು ಕಾಯಿದೆ
(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಸ್ನೇಹಸಮ್ಮೇಳನದ ದಿನ ವಕೀಲನೊಬ್ಬನನ್ನು ಮಾತಾಡಲು ಕರೆಯುವದು ಸಾಹಸದ ಕೆಲಸವೇ ಸರಿ. ಹಾಡು, ನಾಟಕ, ಬಹುಮಾನಗಳ ನಡುವೆ ಅವನು ಕಲಮುಗಳ ಗಂಟು ಬಿಚ್ಚಿ ಕುಳಿತರೆ ಮಕ್ಕಳ ಗತಿಯೇನು? ಆದರೂ ಸಂಚಾಲಕರು ನನ್ನನ್ನು ಕರೆದರು. ವಿಷಯವನ್ನೂ ನನಗೇ ಬಿಟ್ಟರು. ‘ವಿದ್ಯಾರ್ಥಿ ಮತ್ತು ಶಿಸ್ತು’ ಎಂಬುದರ ಮೇಲೆ ನಾಲ್ಕು ಮಾತು ಹೇಳಿ ಕುಳಿತುಕೊಳ್ಳಬಹುದಾಗಿತ್ತು. ಆದರೆ ಕಳೆದ ಕೆಲವು ವರ್ಷಗಳಿಂದ ನನ್ನಲ್ಲಿಗೆ ಬರುವ ಕಕ್ಷಿಗಾರರ ಕೈಯಲ್ಲಿ ಹೊಲದ ಪಹಣಿಗಿಂತ ಹೆಚ್ಚಾಗಿ ಬೇರೊಂದು ಕಾಗದವು ಕಾಣುತ್ತಲಿದೆ. ಅದು ಕ್ರೆಡಿಟ್ ಕಾರ್ಡಿನ ಬಾಕಿಯ ನೋಟೀಸು. ಆದುದರಿಂದ ಇಂದು ಸಾಲದ ವಿಷಯವನ್ನೇ ಎತ್ತಿಕೊಂಡಿರುವೆನು. ಇದರಲ್ಲಿ ಈ ಶಾಲೆಯ ಸಂಬಂಧವೂ ಸ್ವಲ್ಪ ಇರುವದು; ಅದನ್ನು ಮುಂದೆ ಹೇಳುವೆನು.

ಮೂರು ವರ್ಷಗಳ ಹಿಂದಿನ ಮಾತು. ನಮ್ಮ ಸುತ್ತಿನ ಒಂದು ಹಳ್ಳಿಯ ವೃದ್ಧ ತಾಯಿಯೊಬ್ಬಳು ಮೊಮ್ಮಗಳ ಕೈ ಹಿಡಿದುಕೊಂಡು ನನ್ನ ಕಚೇರಿಗೆ ಬಂದಳು. ಗಂಡ ಮೊದಲೇ ತೀರಿಕೊಂಡಿದ್ದನು. ಒಬ್ಬನೇ ಮಗ, ಮದುವೆಯಾಗಿರಲಿಲ್ಲ. ಪುಣೆಯ ಕಾರಖಾನೆಯೊಂದರಲ್ಲಿ ದುಡಿಯುತ್ತಿದ್ದವನು ರಸ್ತೆಯ ಅಪಘಾತದಲ್ಲಿ ಮಡಿದಿದ್ದನು. ಅವನು ಸತ್ತ ಎರಡನೆಯ ತಿಂಗಳಿಂದ ಫೋನುಗಳು ಬರತೊಡಗಿದವು. ಬಳಿಕ ಒಬ್ಬ ವಸೂಲಿಯವನೇ ಮನೆಗೆ ಬಂದನು. ಮಗನ ಕಾರ್ಡಿನ ಬಾಕಿ 1,12,000 ರೂಪಾಯಿ, ತಾಯಿ ತೀರಿಸಬೇಕು, ಇಲ್ಲವಾದರೆ ಹೊಲ ಹರಾಜಾಗುವದು, ಪೋಲೀಸರು ಬರುವರು ಎಂದು ಹೆದರಿಸಿದನು. ಇಂಗ್ಲಿಷಿನಲ್ಲಿ ಅಚ್ಚಾದ ಒಂದು ಹಾಳೆಯನ್ನು ಮುಂದಿಟ್ಟು, “ಇಲ್ಲಿ ಹೆಬ್ಬೆಟ್ಟು ಒತ್ತು, ಆರು ತಿಂಗಳು ತಡೆಯುತ್ತೇವೆ” ಎಂದನು. ಆಕೆ ಒತ್ತುವವಳೇ ಇದ್ದಳು. ಬಳಿಯಲ್ಲಿ ಕುಳಿತಿದ್ದ ಮಗಳ ಮಗಳು ಆ ಹಾಳೆಯನ್ನು ಎಳೆದುಕೊಂಡು ಅಕ್ಷರ ಕೂಡಿಸಿ ಓದಿ, ಅದರಲ್ಲಿ ‘ಗ್ಯಾರಂಟರ್’ ಎಂಬ ಶಬ್ದವನ್ನು ಗುರುತಿಸಿದಳು. “ಅಮ್ಮಾ, ಇದರಾಗ ನಿನ್ನ ಹೆಸರು ಯಾಕ ಬಂತು? ಯಾರನ್ನಾದರೂ ಕೇಳಿ ಒತ್ತೋಣ” ಎಂದಳಂತೆ. ಆ ಹುಡುಗಿ ಇದೇ ಶಾಲೆಯ ವಿದ್ಯಾರ್ಥಿನಿ. ಈ ಸಭೆಯಲ್ಲಿಯೇ ಕುಳಿತಿರುವಳು. ಹೆಸರು ಹೇಳಕೂಡದೆಂದು ನನ್ನಿಂದ ಮಾತು ತೆಗೆದುಕೊಂಡಿರುವಳು.

ಆ ತಾಯಿ ನನ್ನನ್ನು ಕೇಳಿದ್ದು ಒಂದೇ ಮಾತು: “ಯಪ್ಪಾ, ಈ ಸಾಲ ನಾ ಕೊಡಬೇಕೇನು?”

ಈ ಪ್ರಶ್ನೆಗೆ ಊರ ಕಟ್ಟೆಯ ಮೇಲೆ ಎರಡು ಉತ್ತರಗಳು ಸಿಗುತ್ತವೆ. ಮನೆಯವನ ಸಾಲ ಮನೆಯವರ ಸಾಲ, ಎಲ್ಲರೂ ಕೊಡಲೇಬೇಕು ಎಂಬುದು ಹಳೆಯವರ ಉತ್ತರ. ಮೊಬೈಲಿನಲ್ಲಿ ಚಿತ್ರ ನೋಡಿ ಪಂಡಿತರಾದ ತರುಣರ ಉತ್ತರವೇ ಬೇರೆ: “ಕಾರ್ಡಿನ ಸಾಲಕ್ಕೆ ಸಹಿಯೇ ಇಲ್ಲ, ಸಾಕ್ಷಿ ಇಲ್ಲ, ಅಡವು ಇಲ್ಲ, ಕೋರ್ಟಿನಲ್ಲಿ ಅದು ನಿಲ್ಲುವದಿಲ್ಲ, ಒಂದು ಪೈಸೆಯನ್ನೂ ಕೊಡಬೇಡಿರಿ.” ಎರಡೂ ತಪ್ಪು. ಎರಡನೆಯದು ಹೆಚ್ಚು ಅಪಾಯದ ತಪ್ಪು. ಏಕೆಂದರೆ ಅದು ಕೇಳಲು ಸವಿಯಾಗಿರುವದು.

ಸಾಲದ ಕಾಯಿದೆಯನ್ನು ತಿಳಿಯಲು ನಾವು ಮುಂಬಯಿಗಾಗಲಿ ದಿಲ್ಲಿಗಾಗಲಿ ಮೊದಲು ಹೋಗಬೇಕಾಗಿಲ್ಲ. ಇಲ್ಲಿಂದ ಬಹು ದೂರವಲ್ಲದ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126), ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಬಂಗಾಲದ ಕಡೆಯನ್ನು ಬಿಟ್ಟರೆ ಹಿಂದೂಸ್ಥಾನದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿಪಾಸ್ತಿಯ ನ್ಯಾಯವು ಶತಮಾನಗಳ ವರೆಗೆ ಈ ಗ್ರಂಥದ ಆಧಾರದ ಮೇಲೆಯೇ ನಡೆಯಿತು. ನಮ್ಮ ಮಕ್ಕಳು ಬಸವಕಲ್ಯಾಣಕ್ಕೆ ಪ್ರವಾಸ ಹೋದಾಗ ಕೋಟೆಯನ್ನು ನೋಡಿ ಬರುತ್ತಾರೆ. ಈ ಮಾತನ್ನೂ ಗುರುಗಳು ಅವರಿಗೆ ತಿಳಿಸಬೇಕೆಂದು ನನ್ನ ಬಿನ್ನಹ.

ಆ ಗ್ರಂಥದಲ್ಲಿ ಋಣಾದಾನವೆಂಬ ಒಂದು ಪ್ರಕರಣವೇ ಇರುವದು. ಅದರಲ್ಲಿ ಹೇಳಿದ ಕೆಲವು ನಿಯಮಗಳನ್ನು ಕೇಳಿರಿ. ತಂದೆಯು ಕುಡಿತಕ್ಕೆ, ಜೂಜಿಗೆ, ವ್ಯಭಿಚಾರಕ್ಕೆ ಮಾಡಿದ ಸಾಲವನ್ನು ಮಗನು ಕೊಡಬೇಕಾಗಿಲ್ಲ. ಗಂಡನಾಗಲಿ ಮಗನಾಗಲಿ ಮಾಡಿದ ಸಾಲವನ್ನು ಹೆಂಗಸು ಕೊಡಬೇಕಾಗಿಲ್ಲ. ಮಗನ ಸಾಲವನ್ನು ತಂದೆ ಕೊಡಬೇಕಾಗಿಲ್ಲ. ಆದರೆ ಆ ಸಾಲವು ಕುಟುಂಬದ ಸಲುವಾಗಿ ಆಗಿದ್ದರೆ ಮಾತು ಬೇರೆ. ಸ್ವಂತ ಕೈಯಿಂದ ಬರೆದ ಪತ್ರಕ್ಕೆ ಸಾಕ್ಷಿಗಳಿಲ್ಲದಿದ್ದರೂ ನಡೆಯುವದು. ಬಲಾತ್ಕಾರದಿಂದ, ಮೋಸದಿಂದ ಬರೆಸಿದ್ದು ಮಾತ್ರ ನಡೆಯದು. ಕಂತು ಕಟ್ಟಿದಾಗಲೆಲ್ಲ ಪತ್ರದ ಬೆನ್ನ ಮೇಲೆ ಬರೆಯಬೇಕು, ಇಲ್ಲವೆ ಧನಿಕನು ತನ್ನ ಕೈಗುರುತಿನ ರಸೀದಿ ಕೊಡಬೇಕು. ಸಾಲವೆಲ್ಲ ತೀರಿದ ಮೇಲೆ ಪತ್ರವನ್ನು ಹರಿದುಹಾಕಬೇಕು. ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಕುಳಿತು ಇವುಗಳನ್ನು ವಿವರಿಸಿದವನಿಗೆ ಇಂದಿನ ಬ್ಯಾಂಕಿನ ಕಾರಕೂನನ ಕೆಲಸ ಕೊಟ್ಟಿದ್ದರೆ ಅವನು ಹೆಚ್ಚೇನೂ ತಬ್ಬಿಬ್ಬಾಗುತ್ತಿರಲಿಲ್ಲವೆಂದು ನನಗೆ ಅನಿಸುವದು.

ಇನ್ನೊಂದು ನಿಯಮಕ್ಕೆ ‘ದಾಮ್‌ದುಪ್ಪಟ್’ ಎಂದು ಹೆಸರು. ಒಂದೇ ಸಲಕ್ಕೆ ವಸೂಲು ಮಾಡುವ ಬಡ್ಡಿಯು ಅಸಲಿಗಿಂತ ಹೆಚ್ಚಾಗಕೂಡದು. ನೂರು ಕೊಟ್ಟವನಿಗೆ ಅಸಲುಬಡ್ಡಿ ಸೇರಿ ಇನ್ನೂರರ ಮೇಲೆ ಸಿಗದು. ಮುಂಬಯಿ ಇಲಾಖೆಯ ಕೋರ್ಟುಗಳು ಇಂಗ್ರೇಜಿ ಆಳ್ವಿಕೆಯಲ್ಲಿಯೂ ಹಿಂದೂ ಸಾಲಗಾರರ ಮಟ್ಟಿಗೆ ಇದನ್ನು ಪಾಲಿಸಿದವು.

ನಿಯಮಗಳು ಹೀಗೆ ಇದ್ದರೂ ನಮ್ಮ ರೈತನ ಬಾಳು ಬೇರೆಯೇ ಆಗಿತ್ತು. ಪುಣೆ ಜಿಲ್ಲೆಯ ಸುಪೆಯಲ್ಲಿ 1875ರ ಮೇ 12ರಂದು ರೈತರು ಸಾವಕಾರರ ಮನೆಗಳಿಗೆ ನುಗ್ಗಿದರು; ಅವರು ಮುಖ್ಯವಾಗಿ ಹುಡುಕಿದ್ದು ಸಾಲಪತ್ರಗಳನ್ನು. ಸಿಕ್ಕವನ್ನು ಸುಟ್ಟರು. ಪತ್ರದಲ್ಲಿ ಬರೆದದ್ದನ್ನೇ ಕೋರ್ಟು ನಂಬುತ್ತಿತ್ತು, ಬರೆದದ್ದೇನೆಂಬುದು ರೈತನಿಗೆ ಓದಲು ಬರುತ್ತಿರಲಿಲ್ಲ; ಇದೇ ಆ ಬೆಂಕಿಯ ಮೂಲ. ಅದರ ಫಲವಾಗಿ 1879ರಲ್ಲಿ ದಖ್ಖನದ ರೈತರ ಪರಿಹಾರದ ಕಾಯಿದೆ ಬಂದಿತು. ನ್ಯಾಯಾಧೀಶನು ಪತ್ರವನ್ನಷ್ಟೇ ನೋಡದೆ, ಅದರ ಹಿಂದಿನ ಲೆಕ್ಕವನ್ನು ಮೊದಲಿನಿಂದ ತೆಗೆಯಿಸಿ, ನಿಜವಾಗಿ ಕೊಟ್ಟದ್ದೆಷ್ಟು, ಬಡ್ಡಿಯೆಷ್ಟು ಎಂದು ಬೇರ್ಪಡಿಸಬೇಕೆಂದು ಅದು ವಿಧಿಸಿತು. ಮೊದಲು ಅದು ಪುಣೆ, ಸಾತಾರೆ, ಸೊಲ್ಲಾಪುರ, ಅಹಮದನಗರ ಜಿಲ್ಲೆಗಳಿಗೆ ಅನ್ವಯಿಸಿತು. ನಮ್ಮ ಊರುಗಳು ಆಗ ನಿಜಾಮರ ರಾಜ್ಯದಲ್ಲಿದ್ದವು. ಸೊಲ್ಲಾಪುರದ ಗಡಿಯಲ್ಲಿಯೇ ಆ ಕಾಯಿದೆ ನಿಂತುಕೊಂಡಿತು.

ಗಡಿಯವರ ಪಾಡೇ ಹಾಗೆ. ನಿಲಂಗೆ, ಉದಗೀರ ತಾಲೂಕುಗಳು 1956ರ ನವೆಂಬರ 1ರ ವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಅಂದು ಮುಂಬಯಿ ರಾಜ್ಯಕ್ಕೆ ಸೇರಿದವು, 1960ರಲ್ಲಿ ಮಹಾರಾಷ್ಟ್ರದಲ್ಲಿ ಉಳಿದವು, 1982ರಲ್ಲಿ ಲಾತೂರ ಜಿಲ್ಲೆಯೊಳಗೆ ಬಂದವು. ನಮ್ಮ ಹಿರಿಯರು ಕನ್ನಡದಲ್ಲಿ ಸಾಲ ಕೇಳುತ್ತಿದ್ದರು. ಸಾವಕಾರನು ಅದನ್ನು ಮೋಡಿಯಲ್ಲಿ ಬರೆದುಕೊಳ್ಳುತ್ತಿದ್ದನು. ದಾವೆಯು ಉರ್ದುವಿನಲ್ಲಿ ನಡೆಯುತ್ತಿತ್ತು. ಈಗ ಮರಾಠಿಯಲ್ಲಿ ಸಮನ್ಸು, ಇಂಗ್ಲಿಷಿನಲ್ಲಿ ಕರಾರು. ಹೆಬ್ಬೆಟ್ಟು ಮಾತ್ರ ಯಾವಾಗಲೂ ನಮ್ಮದೇ. ಮೊಬೈಲಿಗೆ ಬಂದ ಆರು ಅಂಕಿಗಳನ್ನು ಯಾರೋ ಕೇಳಿದರೆಂದು ಹೇಳಿಬಿಡುವದೂ ಹೆಬ್ಬೆಟ್ಟು ಒತ್ತಿದಂತೆಯೇ ಎಂಬುದನ್ನು ಪಾಲಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಈಗ ತರುಣ ಪಂಡಿತರ ವಾದಕ್ಕೆ ಬರೋಣ. ‘ಸಹಿ ಇಲ್ಲ, ಆದುದರಿಂದ ಸಾಲವಿಲ್ಲ.’ 1872ರ ಕರಾರು ಕಾಯಿದೆಯು ಎಲ್ಲ ಕರಾರುಗಳಿಗೂ ಕಾಗದವನ್ನು ಕೇಳಲಿಲ್ಲ. ಒಬ್ಬನು ಕೊಡುತ್ತೇನೆಂದನು, ಮತ್ತೊಬ್ಬನು ಒಪ್ಪಿದನು, ಇಬ್ಬರಲ್ಲಿಯೂ ಕೊಡುಕೊಳ್ಳುವದು ಇದ್ದಿತು, ಒಪ್ಪಿಗೆ ಸ್ವತಂತ್ರವಾಗಿತ್ತು, ಇಷ್ಟಾದರೆ ಕರಾರಾಯಿತು. ಗಣಕದ ಮೂಲಕ ಆದ ಕರಾರು ಆ ಕಾರಣಕ್ಕಾಗಿಯೇ ಅಸಿಂಧುವಾಗದೆಂದು 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಗೆ 2008ರಲ್ಲಿ ಮಾಡಿದ ತಿದ್ದುಪಡಿಯು ಸ್ಪಷ್ಟವಾಗಿ ಹೇಳಿತು. ಕಾರ್ಡು ತೆಗೆದುಕೊಂಡು, ಅಂಗಡಿಯಲ್ಲಿ ಉಪಯೋಗಿಸಿ, ಸಾಮಾನು ಮನೆಗೆ ತಂದು, ನಾಲ್ಕು ತಿಂಗಳು ಬಿಲ್ಲನ್ನೂ ಕಟ್ಟಿ, ಐದನೆಯ ತಿಂಗಳು “ನಾನು ಸಹಿಯನ್ನೇ ಮಾಡಿಲ್ಲ” ಎಂದರೆ ನ್ಯಾಯಾಧೀಶರು ನಗುವರು. ಅಡವು ಇಲ್ಲದ್ದರಿಂದ ಸಾಲದಾತನ ಕೈ ಸಡಿಲಾಗುವದು ನಿಜ, ಸಾಲವೇ ಇಲ್ಲವೆಂದಾಗುವದಿಲ್ಲ.

ಆದರೆ ಸಾಲವಿದೆಯೆಂದು ತೋರಿಸುವ ಹೊಣೆ ದಾವೆ ಹೂಡಿದವನದು. ಇಲ್ಲಿ ಸಾಲಗಾರನಿಗೆ ನ್ಯಾಯವಾದ ಪ್ರಶ್ನೆಗಳುಂಟು. ಕಾರ್ಡನ್ನು ನಾನು ಕೇಳಿದ್ದೆನೆ? ಕೇಳದೆ ಕಳುಹಿಸುವದನ್ನು ರಿಸರ್ವ್ ಬ್ಯಾಂಕು 2022ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ನಿಷೇಧಿಸಿತು. ಒಪ್ಪಿಗೆಯಿಲ್ಲದ ಕಾರ್ಡಿಗೆ ಹಣ ಹಾಕಿದರೆ ಅದನ್ನು ಹಿಂದಕ್ಕೆ ಪಡೆದು, ಅದರ ಎರಡು ಪಟ್ಟು ದಂಡವನ್ನು ಗ್ರಾಹಕನಿಗೆ ಕೊಡಬೇಕೆಂದಿತು. ಖರ್ಚು ಮಾಡಿದವನು ನಾನೇ ಹೌದೆ? ಕಳ್ಳನು ಮಾಡಿದ್ದರೆ, ತಪ್ಪು ನಮ್ಮದಾಗಲಿ ಬ್ಯಾಂಕಿನದಾಗಲಿ ಅಲ್ಲದೆ ನಡುವೆ ಬೇರೆಲ್ಲಿಯೋ ಆಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ನಷ್ಟವಿಲ್ಲವೆಂದು ಅದೇ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿತು. ತಾನೇ ಗುಪ್ತಸಂಖ್ಯೆ ಹೇಳಿದವನಿಗೆ ಈ ರಕ್ಷಣೆ ಇಲ್ಲ. ತಿಳಿಸುವ ವರೆಗಿನ ನಷ್ಟ ಅವನದೇ. ಲೆಕ್ಕವು ಸರಿಯೆ? ತಿಂಗಳುತಿಂಗಳಿನ ವಿವರ ಕೊಡಿರೆಂದು ಕೇಳುವದು ಭಿಕ್ಷೆಯಲ್ಲ. ಬರೀ ಖಾತೆ-ಕಿರ್ದಿಯ ಬರವಣಿಗೆಯಿಂದಲೇ ಒಬ್ಬನ ಮೇಲೆ ಹೊಣೆ ಹೊರಿಸಲಾಗದೆಂಬ ನಿಯಮವು 1872ರ ಸಾಕ್ಷ್ಯದ ಕಾಯಿದೆಯಲ್ಲಿಯೂ ಇತ್ತು, ಅದರ ಜಾಗದಲ್ಲಿ ಬಂದ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಇದೆ. ಬ್ಯಾಂಕಿಗೆ 1891ರ ಬೇರೊಂದು ಕಾಯಿದೆಯ ಅನುಕೂಲವುಂಟು. ಅದರ ದೃಢೀಕೃತ ನಕಲನ್ನು ಕೋರ್ಟು ಮೇಲ್ನೋಟಕ್ಕೆ ನಂಬುವದು. ಆದರೂ ತಪ್ಪು ತೋರಿಸುವ ಬಾಗಿಲು ತೆರೆದೇ ಇರುವದು.

ಇನ್ನು ಹಣ ಕೇಳುತ್ತಿರುವವನು ಯಾರು? ಬ್ಯಾಂಕು ತನ್ನ ಬಾಕಿಯನ್ನು ಬೇರೆ ಕಂಪನಿಗೆ ಮಾರುವದುಂಟು. ಹಾಗೆ ಮಾರಿದ್ದರೆ ಅದಕ್ಕೆ ಬರಹ ಬೇಕು. ಆ ಬರಹವನ್ನು ತೋರಿಸೆಂದು ಕೇಳಬಹುದು. ಮಾರಿದ ಸುದ್ದಿ ತಿಳಿಯದೆ ಮೊದಲಿನವನಿಗೇ ಕಟ್ಟಿದವನು ಎರಡನೆಯ ಸಲ ಕಟ್ಟಬೇಕಾಗಿಲ್ಲ.

ವಿದ್ಯಾರ್ಥಿಗಳೇ, ನಿಮಗೆ ಸಂಬಂಧಿಸಿದ ಒಂದು ಮಾತು. ಹದಿನೆಂಟು ತುಂಬದವನು ಮಾಡಿದ ಕರಾರು ಕರಾರೇ ಅಲ್ಲವೆಂದು ಪ್ರಿವಿ ಕೌನ್ಸಿಲು 1903ರಲ್ಲಿ ಕಲಕತ್ತೆಯ ಮೊಕದ್ದಮೆಯೊಂದರಲ್ಲಿ ತೀರ್ಪಿತ್ತಿತು. ಅಲ್ಲಿ ಸಾಲಗಾರನು ತನ್ನ ಮನೆಗಳನ್ನು ಅಡವಿಟ್ಟು ಸಹಿ ಮಾಡಿದ್ದನು, ಅಡವು ರದ್ದಾಯಿತು. ಇದನ್ನು ಕೇಳಿ ಹಿಗ್ಗಬೇಡಿರಿ. ಮೊಬೈಲಿನಲ್ಲಿ ಸಾಲ ಕೊಡುವ ಆಟಗಳು ನಿಮ್ಮ ವಯಸ್ಸನ್ನು ಕೇಳಿದಾಗ ತಂದೆಯ ಗುರುತಿನ ಚೀಟಿಯನ್ನು ತೋರಿಸಿದರೆ, ಸಾಲವು ತಂದೆಯ ಹೆಸರಿಗೆ ಏರುವದು. ನಿಮ್ಮ ವಯಸ್ಸು ಆಗ ಅವನನ್ನು ಕಾಯದು.

ಮುದತಿನ ವಿಷಯದಲ್ಲಿ ಬಹಳ ಗೊಂದಲವಿರುವದು. ಸಾಮಾನ್ಯ ಹಣದ ದಾವೆಗೆ 1963ರ ಕಾಲಮಿತಿ ಕಾಯಿದೆಯು ಮೂರು ವರ್ಷಗಳ ಮುದತನ್ನು ಕೊಟ್ಟಿದೆ. ಮುದತು ಮೀರಿ ಬಂದ ದಾವೆಯನ್ನು, ಪ್ರತಿವಾದಿಯು ಆಕ್ಷೇಪ ಎತ್ತದಿದ್ದರೂ, ಕೋರ್ಟು ತಳ್ಳಿಹಾಕಬೇಕು. ಆದರೆ ಸಾಲ ಸತ್ತಿತೆಂದಲ್ಲ. ಕೋರ್ಟಿನ ದಾರಿ ಮುಚ್ಚಿತು, ಅಷ್ಟೇ. ಮುದತು ಮೀರಿದ ಸಾಲವನ್ನು ತಾನಾಗಿ ಕಟ್ಟಿದರೆ ಅದನ್ನು ಹಿಂದಕ್ಕೆ ಕೇಳಲಾಗದು. ಮುದತಿನೊಳಗೆ “ಬಾಕಿ ಇರುವದು ನಿಜ” ಎಂದು ಬರೆದು ಸಹಿ ಮಾಡಿದರೆ ಅಂದಿನಿಂದ ಮತ್ತೆ ಮೂರು ವರ್ಷ ಎಣಿಕೆ. ಮುದತು ಮೀರಿದ ಮೇಲೆಯೂ “ಕೊಡುತ್ತೇನೆ” ಎಂದು ಬರೆದು ಸಹಿ ಹಾಕಿದರೆ, ಅದು ಕರಾರು ಕಾಯಿದೆಯ 25ನೆಯ ಕಲಮಿನ ಪ್ರಕಾರ ಹೊಸ ಕರಾರೇ ಆಗುವದು. ವಸೂಲಿಯವರು “ಏನೂ ಕೊಡಬೇಡಿರಿ, ಇಷ್ಟು ಬರೆದುಕೊಡಿರಿ ಸಾಕು” ಎನ್ನುವದರ ಒಳಗುಟ್ಟು ಇದು. ಈಗ ಮೊಬೈಲಿನ ಸಂದೇಶವನ್ನೂ ಅಂಥ ಬರಹವೆಂದು ವಾದಿಸುವವರಿದ್ದಾರೆ. ಆದುದರಿಂದ ನಡುರಾತ್ರಿ ಸಿಟ್ಟಿನಲ್ಲಿ ಉತ್ತರ ಬರೆಯಬೇಡಿರಿ.

ಬಡ್ಡಿಯ ಮಾತು ಬಂದಾಗ ನಮ್ಮ ಜನರು ದಾಮ್‌ದುಪ್ಪಟ್ ನಿಯಮವನ್ನು ಹಿಡಿದುಕೊಂಡು ಬರುತ್ತಾರೆ. ಮಹಾರಾಷ್ಟ್ರದ 2014ರ ಸಾವಕಾರಿ ಕಾಯಿದೆಯಲ್ಲಿ ಅದು ಇನ್ನೂ ಜೀವಂತವಿದೆ. ಪರವಾನಿಗೆಯಿಲ್ಲದ ಸಾವಕಾರನಿಗೆ ಕೋರ್ಟು ಡಿಕ್ರಿಯನ್ನೇ ಕೊಡಕೂಡದು. ಅವನು ಸಾಲದ ನೆಪದಲ್ಲಿ ಬರೆಸಿಕೊಂಡ ಹೊಲವನ್ನು ಹಿಂದಕ್ಕೆ ಕೊಡಿಸುವ ಅಧಿಕಾರವು ಜಿಲ್ಲಾ ನಿಬಂಧಕರಿಗೆ ಇರುವದು. ಈ ಭಾಗದಲ್ಲಿ ಇದರ ಉಪಯೋಗ ಸಾಲದಷ್ಟು ಆಗಿಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಆ ಕಾಯಿದೆ ಬ್ಯಾಂಕಿನ ಸಾಲಕ್ಕೆ ತಾಗುವದಿಲ್ಲ. ಬ್ಯಾಂಕಿನ ಬಡ್ಡಿ ಅತಿಯಾಯಿತೆಂಬ ಕಾರಣಕ್ಕಾಗಿ ಕೋರ್ಟು ಲೆಕ್ಕವನ್ನು ಬಿಚ್ಚಕೂಡದೆಂದು ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ 21-ಎ ಕಲಮು ಹೇಳುವದು. ರಾಷ್ಟ್ರೀಯ ಗ್ರಾಹಕ ಆಯೋಗವು 2008ರ ಜುಲೈಯಲ್ಲಿ, ಕಾರ್ಡಿನ ಬಾಕಿಯ ಮೇಲೆ ವರ್ಷಕ್ಕೆ ನೂರಕ್ಕೆ 30ರ ಮೇಲೆ ಬಡ್ಡಿ ಹಾಕುವದು ಅನ್ಯಾಯದ ವ್ಯಾಪಾರವೆಂದು ತೀರ್ಪಿತ್ತಿತ್ತು. ಬ್ಯಾಂಕುಗಳು ಸುಪ್ರೀಮ್ ಕೋರ್ಟಿಗೆ ಹೋದವು. ಹದಿನಾರು ವರ್ಷಗಳ ತರುವಾಯ, 2024ರ ಡಿಸೆಂಬರ 20ರಂದು, ಆ ತೀರ್ಪು ರದ್ದಾಯಿತು. ಬಡ್ಡಿಯ ದರದ ಮೇಲೆ ನಿಗಾ ಇಡುವದು ರಿಸರ್ವ್ ಬ್ಯಾಂಕಿನ ಕೆಲಸ, ಆಯೋಗದ ಕೆಲಸವಲ್ಲವೆಂದಾಯಿತು.

ಗಣಿತದ ಗುರುಗಳು ಕ್ಷಮಿಸಬೇಕು. ಒಂದು ಲೆಕ್ಕವನ್ನು ಇಲ್ಲಿಯೇ ಮಾಡಿಬಿಡುವೆನು. 10,000 ರೂಪಾಯಿ ಬಾಕಿ, ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ, ಬಡ್ಡಿಯು ಅಸಲಿಗೆ ಸೇರುತ್ತ ಹೋಗುವದೆಂದು ಹಿಡಿಯಿರಿ. ಹನ್ನೆರಡನೆಯ ತಿಂಗಳಿಗೆ ಅದು ಸುಮಾರು 15,110 ಆಗುವದು. ಇಪ್ಪತ್ತೊಂದನೆಯ ತಿಂಗಳಿಗೆ 20,000 ದಾಟುವದು. ವಿಜ್ಞಾನೇಶ್ವರನ ಕಾಲದ ನಿಯಮವಾಗಿದ್ದರೆ ಅಲ್ಲಿಗೆ ನಿಲ್ಲಬೇಕಾಗಿತ್ತು. ಇದು ನಿಲ್ಲದೆ ಎರಡು ವರ್ಷ ತುಂಬಿದಾಗ 22,830ರ ಸಮೀಪಕ್ಕೆ ಬರುವದು. ಈ ಲೆಕ್ಕವನ್ನು ಎಂಟನೆಯ ಇಯತ್ತೆಯ ಹುಡುಗನೂ ಮಾಡಬಲ್ಲನು. ಕಾರ್ಡು ಕೊಡಲು ಬಂದ ತರುಣನು ಮಾತ್ರ ಅದನ್ನು ಮಾಡಿ ತೋರಿಸಿದ್ದನ್ನು ನಾನು ಕಂಡಿಲ್ಲ.

ಜೈಲಿನ ಹೆದರಿಕೆಯ ಬಗ್ಗೆ ಒಂದೆರಡು ಮಾತು. ಸಾಲ ಕೊಡಲಾಗದ್ದು ಅಪರಾಧವಲ್ಲ. ಡಿಕ್ರಿಯಾದ ಮೇಲೆಯೂ, ಬಡವನನ್ನು ಬಡತನದ ಕಾರಣಕ್ಕೇ ಸಿವಿಲ್ ಜೈಲಿಗೆ ಹಾಕಲಾಗದು, ಹಣವಿದ್ದೂ ಕೊಡದಿರುವ ದುರುದ್ದೇಶ ಬೇಕು ಎಂದು ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರರು 1980ರಲ್ಲಿ ಸುಪ್ರೀಮ್ ಕೋರ್ಟಿನ ತೀರ್ಪಿನಲ್ಲಿ ಬರೆದರು. ವಸೂಲಿಯವರು ಮುಂಜಾನೆ 8ಕ್ಕಿಂತ ಮೊದಲು, ಸಂಜೆ 7ರ ಮೇಲೆ ಫೋನು ಮಾಡಕೂಡದೆಂದು, ಸಾಲಗಾರನ ಬಂಧುಮಿತ್ರರ ಮುಂದೆ ಮಾನ ಕಳೆಯಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಎಚ್ಚರಿಸಿತು. ಗಡಿಯಾಚೆಯ ನಮ್ಮ ಬಂಧುಗಳ ಕಡೆಯಲ್ಲಿಯೂ ಕಿರುಸಾಲದ ವಸೂಲಿಯ ಬಲಾತ್ಕಾರವನ್ನು ತಡೆಯಲು ಕರ್ನಾಟಕ ಸರಕಾರವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು.

ಆದರೆ ಚೆಕ್ಕಿನ ಮಾತು ಬೇರೆ, ಇಲ್ಲಿ ಜೈಲು ಉಂಟು. ಹಣವಿಲ್ಲದೆ ಚೆಕ್ಕು ಹಿಂದಿರುಗಿದರೆ 1881ರ ಕಾಯಿದೆಯ 138ನೆಯ ಕಲಮು ಎರಡು ವರ್ಷಗಳ ವರೆಗಿನ ಶಿಕ್ಷೆಯನ್ನು ಹೇಳುವದು. ಅದರಲ್ಲಿ ‘ಕಾಯಿದೆಯಂತೆ ವಸೂಲು ಮಾಡಬಹುದಾದ ಸಾಲ’ ಇರಬೇಕೆಂಬ ನಿಯಮವಿದೆ. ನಮ್ಮ ಇಂದಿನ ಚರ್ಚೆಯ ಮೂಲಶಬ್ದವೇ ಅದು. ಕರ್ನಾಟಕದಿಂದ ಹೋದ ಒಂದು ಮೊಕದ್ದಮೆಯಲ್ಲಿ ಆರೋಪಿಯು, ಸಹಿ ಮಾಡಿದ ಬರಿದು ಚೆಕ್ಕು ಕಳೆದುಹೋಗಿತ್ತು, ಸಾಲವೇ ಇರಲಿಲ್ಲ ಎಂದು ವಾದಿಸಿದನು. ಸುಪ್ರೀಮ್ ಕೋರ್ಟು 2010ರ ಮೇ 7ರಂದು ಆ ವಾದವನ್ನು ಒಪ್ಪಲಿಲ್ಲ. ಸಹಿ ನಿನ್ನದಾದರೆ ಅಂಥ ಸಾಲ ಇತ್ತೆಂದೇ ನಾವು ಮೊದಲು ಹಿಡಿಯುತ್ತೇವೆ, ಇಲ್ಲವೆಂದು ತೋರಿಸುವ ಭಾರ ನಿನ್ನದು ಎಂದಿತು. ಆದಕಾರಣ ಬರಿದು ಚೆಕ್ಕಿಗೆ ಸಹಿ ಹಾಕಿ ಕೊಡುವವರನ್ನು ಕಂಡರೆ ನನಗೆ, ಬಾವಿಯ ದಂಡೆಯ ಮೇಲೆ ಕೂಸನ್ನು ಕೂಡಿಸಿ ಹೋದವರನ್ನು ಕಂಡಂತಾಗುವದು.

ಲೋಕ ಅದಾಲತ್ತಿನ ನೋಟೀಸು ಬಂದರೆ ಗಾಬರಿಯಾಗಬೇಡಿರಿ; ಅಲ್ಲಿ ಒಪ್ಪಲೇಬೇಕೆಂಬ ಬಲವಂತವಿಲ್ಲ. ಆದರೆ ಒಪ್ಪಿ ಸಹಿ ಮಾಡಿದರೆ ಅದು ಕೋರ್ಟಿನ ಡಿಕ್ರಿಯೇ, ಮೇಲೆ ಅಪೀಲಿಲ್ಲ. ಕೋರ್ಟಿನ ಸಮನ್ಸನ್ನಾಗಲಿ, ದೂರದ ಊರಿನ ಮಧ್ಯಸ್ಥನ ನೋಟೀಸನ್ನಾಗಲಿ ಮಾಡದಲ್ಲಿ ಸಿಕ್ಕಿಸಿ ಮರೆತರೆ ತೀರ್ಪು ಏಕಪಕ್ಷೀಯವಾಗಿ ಆಗಿಬಿಡುವದು. ವಕೀಲರಿಗೆ ಕೊಡಲು ಹಣವಿಲ್ಲವೆಂಬ ನೆಪವೂ ಬೇಡ. 1987ರ ಕಾಯಿದೆಯಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ-ಜಮಾತಿಯವರಿಗೆ ಆದಾಯವನ್ನು ಕೇಳದೆಯೇ ಪುಕ್ಕಟೆ ಕಾನೂನು ನೆರವು ಸಿಗಬೇಕು.

ಇನ್ನು ಆ ತಾಯಿಯ ಕಡೆಗೆ ತಿರುಗೋಣ. ಕಾಯಿದೆಯಂತೆ ಉತ್ತರ ಸುಲಭವಾಗಿತ್ತು. ಸತ್ತವನ ಸಾಲವು ಸತ್ತವನ ಆಸ್ತಿಯ ಮೇಲೆ. ವಾರಸುದಾರರು ತಮ್ಮ ಕೈಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ತಂದೆಯ ಸಾಲ ತೀರಿಸುವದು ಮಗನ ಧಾರ್ಮಿಕ ಕರ್ತವ್ಯವೆಂಬ ಕಾರಣದಿಂದ ವಸೂಲು ಮಾಡುವ ಹಳೆಯ ನಿಯಮವನ್ನೂ, 2005ರ ಸೆಪ್ಟೆಂಬರ 9ರ ಮುಂದಿನ ಸಾಲಗಳ ಮಟ್ಟಿಗೆ, ಹಿಂದೂ ವಾರಸಾ ಕಾಯಿದೆಯ ತಿದ್ದುಪಡಿಯು ತೆಗೆದುಹಾಕಿತು. ಈ ಮಗನು ಬಿಟ್ಟುಹೋದದ್ದು ಮುರಿದ ಮೋಟಾರ ಸಾಯಿಕಲ್ಲು ಮತ್ತು ಸಂಬಳದ ಖಾತೆಯಲ್ಲಿ 11,300 ರೂಪಾಯಿ. ಹೊಲ ಮೂರು ಎಕರೆ ತಾಯಿಯ ತವರಿನಿಂದ ಬಂದದ್ದು, ಅವಳ ಹೆಸರಿನಲ್ಲಿಯೇ ಇತ್ತು. ಅದನ್ನು ಮಗನ ಸಾಲಕ್ಕಾಗಿ ಯಾರೂ ಮುಟ್ಟಲಾರರು. ಅವನ ಭವಿಷ್ಯನಿಧಿಯ ಹಣವನ್ನೂ ಅಂದು ಜಾರಿಯಲ್ಲಿದ್ದ 1952ರ ಕಾಯಿದೆಯು ಸಾಲದಿಂದ ಕಾಪಾಡಿತ್ತು. ಆ ಇಂಗ್ಲಿಷ್ ಹಾಳೆಗೆ ಅವಳು ಹೆಬ್ಬೆಟ್ಟು ಒತ್ತಿದ್ದರೆ ಮಾತ್ರ, ಇಲ್ಲದ ಹೊಣೆಯೊಂದನ್ನು ಹೊತ್ತುಕೊಂಡಳೆಂದು ಕೋರ್ಟಿನಲ್ಲಿ ವಾದಿಸಲು ಅವರಿಗೆ ದಾರಿಯಾಗುತ್ತಿತ್ತು.

ಇದನ್ನೆಲ್ಲ ಹೇಳಿ, “ಅವ್ವಾ, ನೀನು ಕೊಡಬೇಕಾಗಿಲ್ಲ” ಎಂದೆನು. ಆಕೆ ಸಮಾಧಾನ ಪಡಲಿಲ್ಲ. ಲೆಕ್ಕದ ವಿವರ ತರಿಸೆಂದಳು. ತರಿಸಿದೆನು. ನಿಜವಾದ ಖರ್ಚು 41,600. ಉಳಿದುದೆಲ್ಲ ಬಡ್ಡಿ, ದಂಡ, ತೆರಿಗೆ. ಮೊಮ್ಮಗಳು ಒಂದೊಂದೇ ಸಾಲನ್ನು ಓದಿ ಹೇಳುತ್ತಿದ್ದಳು. ಬೂಟು, ಮೊಬೈಲು, ಊಟ, ರೈಲಿನ ಟಿಕೀಟು. ಮುದುಕಿ ತಲೆಯಾಡಿಸುತ್ತ ಕೇಳಿದಳು. ನಡುವೆ ಲಾತೂರಿನ ಕಣ್ಣಿನ ದವಾಖಾನೆಯ ಹೆಸರು ಬಂದಿತು: 17,500 ರೂಪಾಯಿ. ಆಗ ಆಕೆ ಕೈ ಎತ್ತಿ ನಿಲ್ಲಿಸಿದಳು. “ಇದು ನನ್ನ ಕಣ್ಣಿಂದು. ಕೈಯಾಗ ರೊಕ್ಕ ಅದ ಅಂತ ಹೇಳಿದ್ದ. ಸಾಲ ಅಂತ ಹೇಳಿರಲಿಲ್ಲ” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಇದನ್ನ ನಾ ಕೊಡತೀನಿ” ಎಂದಳು.

ಕಾಯಿದೆಯಲ್ಲಿ ಅಂಥ ಹೊಣೆಯಿಲ್ಲವೆಂದು ನಾನು ಮತ್ತೆ ಹೇಳಿದೆನು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದು ಸಂಜೆ ಮನೆಯಲ್ಲಿ ಕುಳಿತಾಗ ನನಗೆ ಮಿತಾಕ್ಷರೆಯ ಆ ಮಾತು ನೆನಪಾಯಿತು: ಮಗನ ಸಾಲವನ್ನು ಹೆಂಗಸು ಕೊಡಬೇಕಾಗಿಲ್ಲ, ಕುಟುಂಬದ ಸಲುವಾಗಿ ಮಾಡಿದ್ದರ ಹೊರತು. ಓದುಬರಹ ಬಾರದ ಆ ತಾಯಿ ಅದೇ ಗೆರೆಯನ್ನು ತಾನಾಗಿಯೇ ಎಳೆದಿದ್ದಳು. ಅವಳು ಮಾಡಿದ್ದು ಸರಿಯೋ ತಪ್ಪೋ ಎಂದು ನನ್ನ ಕಿರಿಯ ವಕೀಲರು ನನ್ನೊಡನೆ ಇಂದಿಗೂ ವಾದಿಸುತ್ತಾರೆ. ವಕೀಲನಾಗಿ ನಾನು ಅವರ ಪಕ್ಷ. ಅವಳಿಗೆ ಹಾಗೆಂದು ಇನ್ನೊಮ್ಮೆ ಹೇಳುವ ಧೈರ್ಯ ಮಾತ್ರ ನನಗಾಗಲಿಲ್ಲ.

ಬ್ಯಾಂಕಿಗೆ ಪತ್ರ ಬರೆದೆನು. ಮಗನ ಖಾತೆಯ 11,300, ತಾಯಿಯು ಹೊಣೆಯಿಲ್ಲದಿದ್ದರೂ ಸ್ವಸಂತೋಷದಿಂದ ಕೊಡುವ 17,500, ಕೂಡಿ 28,800 ರೂಪಾಯಿಗಳಿಗೆ ಲೆಕ್ಕ ಪೂರ್ತಿ ಮುಗಿಯಬೇಕು, ಮುಗಿಯಿತೆಂದು ಬರಹದಲ್ಲಿ ಕೊಡಬೇಕು, ಆ ಬರಹದ ಮಾತು ಕೊಟ್ಟ ಮೇಲೆಯೇ ಹಣ ಎಂದು ತಿಳಿಸಿದೆನು. ಎರಡು ತಿಂಗಳು ಪತ್ರವ್ಯವಹಾರ ನಡೆಯಿತು, ಕೊನೆಗೆ ಒಪ್ಪಿದರು. ತೊಗರಿ ಮಾರಿದ ಹಣವನ್ನು ಆಕೆ ಸೆರಗಿನ ಗಂಟಿನಲ್ಲಿ ತಂದಳು. ನಾನು ಅದನ್ನು ಕಟ್ಟಿಸಿ ರಸೀದಿ ತೆಗೆದುಕೊಂಡೆನು. ಬಾಕಿ ಇಲ್ಲವೆಂಬ ಪತ್ರವು, ಇಂಗ್ಲಿಷಿನಲ್ಲಿಯೇ, ಬಂದಿತು. ಮೊಮ್ಮಗಳು ಅದನ್ನು ಓದಿ ಕನ್ನಡದಲ್ಲಿ ಹೇಳಿದಳು.

ಮುದುಕಿಯ ಮಾವನ ಕಾಲದಲ್ಲಿ ಸಾಲ ತೀರಿದ ದಿನ ಸಾವಕಾರನ ಕಟ್ಟೆಯ ಮೇಲೆ ಪತ್ರ ಹರಿದು, ಬೆಲ್ಲ ಹಂಚುತ್ತಿದ್ದರಂತೆ. ಆಕೆ ಆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಇದನ್ನ ಹರೀಲೇನು?” ಎಂದು ಕೇಳಿದಳು. “ಬೇಡವ್ವಾ, ಇದು ಹರಿಯುವ ಪತ್ರವಲ್ಲ, ಇಟ್ಟುಕೊಳ್ಳುವ ಪತ್ರ” ಎಂದೆನು. ಮೊಮ್ಮಗಳು ಅದನ್ನು ತೆಗೆದುಕೊಂಡು ತನ್ನ ಕನ್ನಡ ಪುಸ್ತಕದ ನಡುವೆ ಮಡಿಕೆ ಬೀಳದಂತೆ ಇಟ್ಟುಕೊಂಡಳು. ಈಗ ಅದು ಅವರ ಮನೆಯ ತಗಡಿನ ಪೆಟ್ಟಿಗೆಯಲ್ಲಿ, ರೇಶನ್ ಕಾರ್ಡಿನ ಜೊತೆಗೆ ಇರುವದೆಂದು ಮೊನ್ನೆ ಹೇಳಿದಳು.